ಅಡವಿಯಲ್ಲಿ ನಡಿಗೆ

ನಳಿನಿ ಆಂಟಿ ಯೊರ್ದನ್ ಹೊಳೆಯವರೆಗೆ ಹೋಗಿಯೂ ಅದನ್ನು ನೋಡದೆ ವಾಪಸ್ ಬಂದರು. ಅದಕ್ಕೆ ಕಾರಣ ನಾನು. ಒಂದೂವರೆ ತಿಂಗಳು ಈ ವಿಷಯ ನನ್ನೊಬ್ಬಳಿಗೇ ಗೊತ್ತಿತ್ತು.

ಡಾಲಸ್, ಆಸ್ಟಿನ್, ಹ್ಯೂಸ್ಟನ್ ಮೂರೂ ಕಡೆ ಸೇರಿಸಿದರೂ ನಮ್ಮ ಕನ್ನಡ ಕ್ರೈಸ್ತ ಕುಟುಂಬಗಳು ಮೂವತ್ತು ದಾಟುವುದಿಲ್ಲ. ತಿಂಗಳಿಗೊಂದು ಭಾನುವಾರ, ಒಂದೊಂದು ಸಲ ಒಂದೊಂದು ಊರಲ್ಲಿ, ಯಾವುದಾದರೂ ಚರ್ಚಿನ ಹಿಂದಿನ ಹಾಲ್ ಕೇಳಿಕೊಂಡು ಕನ್ನಡ ಆರಾಧನೆ ಮಾಡುತ್ತೇವೆ. ಆಮೇಲೆ ಮನೆಯಿಂದ ತಂದ ಊಟ. ಇದನ್ನೆಲ್ಲ ನಡೆಸುವವರು ಆಸ್ಟಿನ್ನಿನ ಭಾಸ್ಕರ ಅಂಕಲ್. ರಿಟೈರ್ ಆದ ಮೇಲೆ ಅವರಿಗೆ ಇದೇ ಕೆಲಸ. ಕಳೆದ ಚಳಿಗಾಲದಲ್ಲಿ ಅವರು ಪವಿತ್ರ ನಾಡಿನ ಯಾತ್ರೆಯ ಸುದ್ದಿ ಹೇಳಿದರು. ನೆಬೋ ಬೆಟ್ಟ, ಸ್ನಾನಿಕ ಯೋಹಾನ ಸಾರಿದ ಅಡವಿ, ಯೊರ್ದನ್ ಹೊಳೆ, ಲವಣ ಸಮುದ್ರ. ಮೇ ತಿಂಗಳಲ್ಲಿ ಎಂಟು ದಿನ. ಇಪ್ಪತ್ತೆರಡು ಜನ ಹೆಸರು ಕೊಟ್ಟರು. ಎಲ್ಲರಿಗಿಂತ ಮೊದಲು ಕೈ ಎತ್ತಿದವರು ನಳಿನಿ ಆಂಟಿ.

ಆಂಟಿಗೆ ಎಪ್ಪತ್ತೆರಡು ವರ್ಷ. ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವರು. ಇಲ್ಲಿಗೆ ಮಗ ಜಯಂತನ ಜೊತೆ ಇರಲು ಬಂದರು. ಅವನ ಕೆಲಸ ಹ್ಯೂಸ್ಟನ್ನಿಗೆ ಹೋಗಿ, ಸಂಸಾರ ಆ ಊರಿನ ಹೊರವಲಯದ ಫುಲ್‌ಶೀರ್‌ಗೆ ಶಿಫ್ಟ್ ಆದಾಗ ಆಂಟಿ ಮಾತ್ರ ಡಾಲಸ್ ಪಕ್ಕದ ರಿಚರ್ಡ್‌ಸನ್ನಿನಲ್ಲೇ ಉಳಿದರು.

"ಅಲ್ಲೆ ಏನದ? ಮನಿ ಮುಂದ ಮನಿ, ಮನಿ ಹಿಂದ ಮನಿ," ಎಂದಿದ್ದರು. "ಇಲ್ಲೆ ನನಗ ರೈಲದ."

ಸ್ಟೇಷನ್ನಿಗೆ ಹತ್ತು ನಿಮಿಷ ನಡೆದರೆ ಸಾಕು, ಲೈಬ್ರರಿ, ಡಾಕ್ಟರು, ತರಕಾರಿ, ಎಲ್ಲ ಅವರ ಕೈಗೆಟುಕುತ್ತಿದ್ದವು. ಶನಿವಾರ ತಮ್ಮ ಒಂದು ಕೋಣೆಯ ಮನೆಯಲ್ಲೇ ಐದಾರು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ನನ್ನ ಮಗಳು ದಿಯಾ ಅಕ್ಷರ ಕಲಿತದ್ದು ಅಲ್ಲೇ. ನನ್ನ ಚಿಕ್ಕವನು ಋತ್ವಿಕ್ ಹುಟ್ಟಿದಾಗ ಅಮ್ಮನಿಗೆ ವೀಸಾ ಸಿಗಲಿಲ್ಲ. ಆಗ ನಾವೂ ರಿಚರ್ಡ್‌ಸನ್ನಿನಲ್ಲೇ ಇದ್ದೆವು. ನಲವತ್ತು ದಿನ ಆಂಟಿ ನಡೆದುಕೊಂಡು ಬಂದು ಮಗುವಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ನನಗೆ ಮೆಣಸಿನ ಸಾರು ಮಾಡಿಟ್ಟು ಹೋಗುತ್ತಿದ್ದರು. ಇದನ್ನು ಇಲ್ಲಿ ಬರೆಯುವುದು ಏಕೆಂದರೆ, ನಾನು ಕೆಡುಕು ಮಾಡಿದ್ದು ಯಾರಿಗೆ ಎಂದು ತಿಳಿಯಬೇಕು.

ಯಾತ್ರೆಗೆ ನಾನು ಹೋಗಲಿಲ್ಲ. ದಿಯಾಳ ಶಾಲೆ ಇನ್ನೂ ಮುಗಿದಿರಲಿಲ್ಲ. ಆದರೆ ದಿನದಿನದ ಕಾರ್ಯಕ್ರಮದ ಹಾಳೆಯನ್ನು ಕನ್ನಡ ಮಾಡುವ ಕೆಲಸ ನನಗೆ ಬಂತು. ಇಂಗ್ಲಿಷ್ ಓದಲು ಕಷ್ಟಪಡುವ ಹಿರಿಯರು ಮೂವರಿದ್ದರು. ಆಂಟಿಯ ಹೊರತು ಉಳಿದಿಬ್ಬರ ಜೊತೆ ಇಂಗ್ಲಿಷ್ ಓದಿ ಹೇಳುವ ಮಕ್ಕಳೂ ಹೊರಟಿದ್ದರು. "ನಮ್ಮಲ್ಲಿ ಸುಚೇತಾ ಥರ ಕನ್ನಡ ಬರೆಯೋರು ಯಾರಿದ್ದಾರೆ?" ಎಂದು ಭಾಸ್ಕರ ಅಂಕಲ್ ಹಾಲಿನಲ್ಲಿ ಎಲ್ಲರೆದುರು ಅಂದಾಗ ನನಗೆ ಸುಖವಾಗಿತ್ತು. ಅದನ್ನೂ ಒಪ್ಪಿಕೊಳ್ಳಬೇಕು.

ಏಳು ದಿನದ್ದು ಆರಾಮಾಗಿ ಮಾಡಿದೆ. ನಾಲ್ಕನೆಯ ದಿನದ ಹಾಳೆ ಉಳಿದಿತ್ತು. ಅವತ್ತು ಬುಧವಾರ ಸಂಜೆ. ಋತ್ವಿಕ್‌ಗೆ ಜ್ವರ, ತೊಡೆಯ ಮೇಲೆ ಮಲಗಿದ್ದ. ಒಲೆ ಮೇಲೆ ಕುಕ್ಕರ್. ಭಾಸ್ಕರ ಅಂಕಲ್ ಫೋನ್ ಮೇಲೆ ಫೋನ್.

"ಅಮ್ಮಾ, ಪ್ರಿಂಟಿಗೆ ಕೊಡ್ಬೇಕು. ಅಂಗಡಿ ಮುಚ್ತಾನೆ."

"ಐದು ನಿಮಿಷ ಅಂಕಲ್."

ಇಂಗ್ಲಿಷಿನಲ್ಲಿ ಆ ಬೆಳಗಿನ ಬಗ್ಗೆ ಎಂಟು ಸಾಲಿತ್ತು. ಮರುಭೂಮಿ, ನೆರಳಿಲ್ಲ, ಅಗಲ ಅಂಚಿನ ಟೋಪಿ, ತೆಳು ಹತ್ತಿ ಬಟ್ಟೆ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಬಿಪಿ ಇರುವವರು ಬಸ್ಸಿನ ಹತ್ತಿರವೇ ಇರಲಿ, ಹೀಗೆ. ನಾನು ಮೊದಲ ಎರಡು ಸಾಲು ಬರೆದೆ. "ಬೆಳಿಗ್ಗೆ ಏಳಕ್ಕೆ ಅಡವಿಯಲ್ಲಿ ನಡಿಗೆ, ಒಂದೂವರೆ ಗಂಟೆ. ಗಟ್ಟಿ ಬೂಟು ಹಾಕಿಕೊಳ್ಳಿ." ಅಷ್ಟರಲ್ಲಿ ಮಗು ನನ್ನ ಮೈಮೇಲೆ ವಾಂತಿ ಮಾಡಿಕೊಂಡ. ಅವನನ್ನು ತೊಳೆದು, ಬಟ್ಟೆ ಬದಲಾಯಿಸಿ, ನೆಲ ಒರೆಸಿ, ಸೀದ ಬೇಳೆಯನ್ನು ಕೆಳಗಿಳಿಸಿ ಬರುವ ಹೊತ್ತಿಗೆ ಮತ್ತೆ ಫೋನ್. ಹಾಳೆ ಮುಗಿದಿದೆ ಅಂದುಕೊಂಡು ಕಳಿಸಿಬಿಟ್ಟೆ.

ಆ 'ಅಡವಿ' ಎಂಬ ಮಾತು ನನ್ನದೇನೂ ಅಲ್ಲ. ಚಿಕ್ಕಂದಿನಿಂದ ಚರ್ಚಿನಲ್ಲಿ ಓದುವಾಗ ಕೇಳಿದ್ದೇ ಅದು. ಯೋಹಾನ ಇದ್ದದ್ದು ಅಡವಿಯಲ್ಲಿ, ತಿಂದದ್ದು ಕಾಡುಜೇನು. ಇಂಗ್ಲಿಷ್ ಗೊತ್ತಿರುವ ನಮಗೆ ಅದು ಬರೀ ಕಲ್ಲು ಮಣ್ಣಿನ ಬೆಂಗಾಡು ಎಂದು ತಿಳಿದಿದೆ. ಆದರೆ ಕನ್ನಡದಲ್ಲಿ ಅಡವಿ ಎಂದರೆ ಏನು? ಮರ. ನೆರಳು. ಅದು ನನಗೆ ಹೊಳೆಯಲೇ ಇಲ್ಲ.

ಅಲ್ಲಿ ನಡೆದದ್ದನ್ನು ಭಾಸ್ಕರ ಅಂಕಲ್ ಆವತ್ತೇ ಹೋಟೆಲಿನಿಂದ ಫೋನ್ ಮಾಡಿ ಹೇಳಿದರು. ನಾನು ಡಿಶ್‌ವಾಷರ್‌ನಿಂದ ತಟ್ಟೆ ತೆಗೆಯುತ್ತಿದ್ದೆ.

"ಬಸ್ಸಲ್ಲಿ ಕೇಳಿದೆ ಕಣಮ್ಮಾ, ಎಲ್ಲರೂ ಶೀಟ್ ಓದಿದ್ದೀರಾ ಅಂತ. ನಳಿನಿಯವರು ಸ್ಕೂಲ್ ಹುಡುಗಿ ಥರ ಕೈ ಎತ್ತಿದ್ರು. ಆಮೇಲೆ ನೋಡಿದ್ರೆ ಉಣ್ಣೆ ಸ್ವೆಟರ್! ದಪ್ಪ ಸಾಕ್ಸು! ಟೋಪಿ ಇಲ್ಲ, ಒಂದು ಸಣ್ಣ ಬಾಟ್ಲಿ ನೀರು. ನಾವೆಲ್ಲ ಒಂದು ಕಡೆ ಕೂತು ಪ್ರಾರ್ಥನೆ ಮಾಡಿ ವಾಪಸ್ ತಿರುಗಿದ್ವಿ. ಇವರು ನಮ್ಮ ಜೊತೆ ಇಲ್ಲ. ನಡ್ಕೊಂಡು ಮುಂದೆ ಹೋಗಿಬಿಟ್ಟಿದ್ದಾರೆ. ಮುಕ್ಕಾಲು ಗಂಟೆ ಹುಡುಕಿದ್ವಿ."

"ಸಿಕ್ಕಿದ್ರಾ ಅಂಕಲ್?"

"ಸಿಕ್ಕಿದ್ರು. ಒಂದು ಬಂಡೆ ಪಕ್ಕ ಬಿದ್ದಿದ್ರು. ಈಗ ಡ್ರಿಪ್ ಹಾಕಿದ್ದಾರೆ, ಪರವಾಗಿಲ್ಲ. ಆದ್ರೆ ಏನು ಕೇಳ್ತಿದ್ರು ಗೊತ್ತಾ? 'ಅಡವಿ ಎಲ್ಲೆ? ಮರಾ ಎಲ್ಲೆ?' ಅಂತ. ಕೈಯಲ್ಲಿ ಒಂದು ಪೊಟ್ಟಣ. ಬಿಚ್ಚಿದ್ರೆ ಉಪ್ಪು! ಲವಣ ಸಮುದ್ರಕ್ಕೆ ಹೋಗೋರು ಯಾರಾದ್ರೂ ಮನೆಯಿಂದ ಉಪ್ಪು ತಗೊಂಡು ಹೋಗ್ತಾರಾ?"

ನನ್ನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಉಪ್ಪು ಯಾಕೆ ಎಂದು ನನಗೆ ಆ ಕ್ಷಣವೇ ತಿಳಿಯಿತು. ಶಾಲೆಯ ಹುಡುಗಿಯರನ್ನು ದಾಂಡೇಲಿಯ ಕಾಡಿಗೆ ಕರೆದುಕೊಂಡು ಹೋದ ಕಥೆಯನ್ನು ಆಂಟಿ ನನ್ನ ಬಾಣಂತನದಲ್ಲಿ ಎಷ್ಟು ಸಲ ಹೇಳಿದ್ದರೋ. ದಪ್ಪ ಸಾಕ್ಸು, ರಕ್ತ ಹೀರುವ ಇಂಬಳ ಕಾಲಿಗೆ ಹತ್ತಿದರೆ ಹಾಕಲು ಉಪ್ಪು, ಬೆಳಗಿನ ಥಂಡಿಗೆ ಸ್ವೆಟರ್. ಆಂಟಿ ನನ್ನ ಹಾಳೆಯನ್ನು ಓದಿ, ಅದರಲ್ಲಿದ್ದಂತೆಯೇ ತಯಾರಾಗಿ ಹೋಗಿದ್ದರು. ಮರ ಇನ್ನೂ ಮುಂದೆ ಇರಬೇಕು, ಇನ್ನೂ ಮುಂದೆ ಇರಬೇಕು ಎಂದು ನಡೆದಿದ್ದರು.

ಲ್ಯಾಪ್‌ಟಾಪ್ ತೆಗೆದು ನೋಡಿದೆ. ಎರಡೇ ಸಾಲು. ಟೋಪಿಯ ಮಾತಿಲ್ಲ, ನೀರಿನ ಮಾತಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಉಳಿದ ತಟ್ಟೆ ಜೋಡಿಸಿದೆ.

ಮರುದಿನ ಎಲ್ಲರೂ ಹೊಳೆಗಿಳಿದರು. ಗ್ರೂಪಿನಲ್ಲಿ ಫೋಟೋ ಬಂದವು. ಬಿಳಿ ನಿಲುವಂಗಿ ತೊಟ್ಟ ಇಪ್ಪತ್ತೊಂದು ಜನ ಸೊಂಟದ ಮಟ್ಟದ ಮಾಸಲು ನೀರಿನಲ್ಲಿ ನಿಂತು ನಗುತ್ತಿದ್ದರು. ಆಂಟಿ ಹೋಟೆಲಿನ ಕೋಣೆಯಲ್ಲಿದ್ದರು.

ಅವರು ವಾಪಸ್ ಬಂದ ಹತ್ತು ದಿನಕ್ಕೆ ನನಗೆ ಫೋನ್ ಮಾಡಿದರು. ಆ ಹತ್ತು ದಿನದಲ್ಲಿ ನಾನೇ ಮಾಡಬೇಕಿತ್ತು, ಮಾಡಿರಲಿಲ್ಲ.

"ಸುಚೇತಾ, ಒಂದು ಮಾತು ಕೇಳ್ತೀನಿ. ನೀ ಕೊಟ್ಟ ಹಾಳಿ ಬಸ್ಸಿನಾಗ ಉಳದುಬಿಡ್ತು. ಅದರಾಗ ಆ ದಿನದ್ದು ಏನು ಬರದಿದ್ದಿ?"

"ಯಾಕೆ ಆಂಟಿ?"

"ನಾ ಅಡವಿ ಅಂತ ಓದಿದ್ದೆ ಅನಸ್ತದ. ಟೊಪಗಿ ತಗೊಳ್ರಿ, ನೀರು ತಗೊಳ್ರಿ ಅಂತ ಏನೂ ಇದ್ದಿದ್ದಿಲ್ಲ ಅನಸ್ತದ. ಎಲ್ಲಾರೂ ಅಂತಾರ, ಬರದಿತ್ತು, ನೀವು ಮರತೀರಿ ಅಂತ. ನಿನಗ ನೆನಪದ ಏನು?"

ಈಗ ಯೋಚಿಸಿದರೆ ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಾದ ಮಾತು. ಆದರೆ ಗ್ರೂಪಿನಲ್ಲಿ ಎಲ್ಲರೂ ನನ್ನನ್ನು ಹೊಗಳಿ ಹಾಕಿದ್ದ ಸಂದೇಶಗಳು ಕಣ್ಣ ಮುಂದೆ ಬಂದವು. ಒಬ್ಬ ಮುದುಕಿ ಸಾಯುವ ಹಾಗೆ ಮಾಡಿದವಳು ಎಂದು ಅದೇ ಜನ ಅನ್ನುವುದು ಕಿವಿಗೆ ಕೇಳಿಸಿತು.

"ಸರಿಯಾಗಿ ನೆನಪಿಲ್ಲ ಆಂಟಿ," ಅಂದೆ. "ಇಂಗ್ಲಿಷಲ್ಲಿ ಇದ್ದದ್ದನ್ನೆಲ್ಲ ಬರೆದಿರ್ತೀನಿ."

"ಹಂಗಂದ್ರ ನಾನ ಮರತೀನಿ," ಎಂದು ಫೋನ್ ಇಟ್ಟರು.

ಮುಂದಿನ ಆರಾಧನೆ ಹ್ಯೂಸ್ಟನ್ನಿನಲ್ಲಿ. ಊಟದ ಹೊತ್ತಿಗೆ ಭಾಸ್ಕರ ಅಂಕಲ್ ಯಾತ್ರೆಯ ಕಥೆ ಹೇಳುತ್ತ ಉಪ್ಪಿನ ಪೊಟ್ಟಣದ ಹತ್ತಿರ ಬಂದರು. ಜನ ನಕ್ಕರು. ಅವರದು ಕೆಟ್ಟ ಮನಸ್ಸಲ್ಲ. ನಗುವಲ್ಲೂ ಪ್ರೀತಿಯಿತ್ತು, ಅದೇ ಹೆಚ್ಚು ಚುಚ್ಚುತ್ತಿತ್ತು. ಆಂಟಿ ಬಂದಿರಲಿಲ್ಲ. ಜಯಂತ ಬಂದಿದ್ದ. ತಟ್ಟೆ ಹಿಡಿದು ನಮ್ಮ ಹತ್ತಿರ ಬಂದ.

"ಅವ್ವಗ ಮರಿವು ಶುರು ಆಗೇದ ಅನಸ್ತದ್ರಿ," ಅಂದ ನನಗೂ ನನ್ನ ಗಂಡ ಪ್ರಶಾಂತನಿಗೂ. "ಮರುಭೂಮಿಯೊಳಗ ನಿಂತು ಮರಾ ಎಲ್ಲೆ ಅಂತ ಕೇಳಿದ್ರ ಏನರ್ಥ? ಇಲ್ಲೇ ಹ್ಯೂಸ್ಟನ್ನಿನಾಗ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡೀನಿ. ರಿಚರ್ಡ್‌ಸನ್ ಬಾಡಿಗಿ ಮನಿ ಬಿಡ್ತೀವಂತ ನೋಟಿಸ್ ಕೊಟ್ಟೀನಿ. ಇಷ್ಟು ದಿನ ಒಪ್ತಿರಲಿಲ್ಲ. ಈಗ ತಾನಾಗೇ ಹೂಂ ಅಂದಳು."

"ಒಳ್ಳೇದೇ ಮಾಡಿದ್ರಿ," ಎಂದ ಪ್ರಶಾಂತ್. "ವಯಸ್ಸಾಯ್ತಲ್ಲ. ಅಲ್ವಾ ಸುಚಿ?"

ನಾನು ಋತ್ವಿಕ್‌ಗೆ ಮೂಗು ಒರೆಸುವ ನೆಪದಲ್ಲಿ ಬಗ್ಗಿದೆ. ಮನೆಗೆ ಬರುವ ನಾಲ್ಕು ಗಂಟೆಯ ದಾರಿಯುದ್ದಕ್ಕೂ ಮಕ್ಕಳು ಹಿಂದೆ ಜಗಳವಾಡಿದರು. ನಾನು ಗದರಲಿಲ್ಲ. ಗದರುವ ಯೋಗ್ಯತೆ ಇದೆ ಅನ್ನಿಸಲಿಲ್ಲ.

ಮನೆ ಖಾಲಿ ಮಾಡುವ ಶನಿವಾರ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಮಕ್ಕಳನ್ನೂ ಕರೆದುಕೊಂಡು, ಈಗ ನಾವಿರುವ ಪ್ರಾಸ್ಪರ್‌ನಿಂದ ಹೋದೆ. ಪ್ಯಾಕಿಂಗಿಗೆ ಕೈ ಹಾಕಬೇಕು ಎನ್ನುವುದು ಹೊರಗಿನ ಕಾರಣ. ಫೋನಿನಲ್ಲಿ ಆ ಹಾಳೆಯ ಫೈಲ್ ಇಟ್ಟುಕೊಂಡಿದ್ದೆ. ಹೇಳಲೇಬೇಕು ಎಂದು ಹೊರಟು, ಸ್ಟೇಷನ್ ಹತ್ತಿರ ಬರುವಷ್ಟರಲ್ಲಿ, ಅವರು ಒಬ್ಬರೇ ಇದ್ದಾಗ ಹೇಳೋಣ ಎಂದು ಮನಸ್ಸು ಬದಲಾಯಿಸಿಕೊಂಡಿದ್ದೆ.

ಜಯಂತ ಹಾಲಿನಲ್ಲಿ ಪುಸ್ತಕಗಳನ್ನು ಡಬ್ಬಕ್ಕೆ ತುಂಬುತ್ತಿದ್ದ. ಆಂಟಿ ಅಡಿಗೆಮನೆಯ ಚಿಕ್ಕ ಮೇಜಿನ ಮುಂದೆ ಕೂತಿದ್ದರು. ಇಳಿದುಹೋಗಿದ್ದರು. ಎದುರಿಗೆ ಒಂದು ನೋಟ್‌ಬುಕ್.

"ಬಾ ಸುಚೇತಾ, ಕೂಡ್ರು. ದಿಯಾ, ಬಾಯವ್ವಾ ಇಲ್ಲೆ. ಇದನ್ನ ಹಿಡಿ. ನಾ ಹೇಳ್ತೀನಿ, ತಪ್ಪಿದ್ರ ಹೇಳು."

ದಿಯಾ ನೋಟ್‌ಬುಕ್ ಹಿಡಿದಳು. ಆಂಟಿ ಕಣ್ಣು ಮುಚ್ಚಿದರು.

"ಇವತ್ತು ಶನಿವಾರ. ಜೂನ್ ಇಪ್ಪತ್ತೊಂದು. ನಾ ಇರೂದು ರಿಚರ್ಡ್‌ಸನ್, ಟೆಕ್ಸಸ್. ನನ್ನ ಮಗನ ಹೆಸರು ಜಯಂತ. ನೂರರಾಗ ಏಳು ಹ್ವಾದ್ರ ತೊಂಬತ್ಮೂರು. ತೊಂಬತ್ಮೂರರಾಗ ಏಳು ಹ್ವಾದ್ರ ಎಂಬತ್ತಾರು..."

"What is this, ಅಜ್ಜಿ? A test?" ಎಂದಳು ದಿಯಾ.

"ಹೌದವಾ. ಡಾಕ್ಟರ್ ಕೇಳ್ತಾರಂತ. ದಿನಾ ಮುಂಜಾನೆ ತಯಾರಿ ಮಾಡ್ಲಿಕ್ಕತ್ತೀನಿ. ಮೂವತ್ತು ವರ್ಷ ಪರೀಕ್ಷಾ ತಗೊಂಡಾಕಿ, ಈಗ ಕುಂತು ಬರೀಬೇಕಾಗೇದ." ನಗಲು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ನಿನಗ ಫೋನ್ ಮಾಡೂತನಕ ನಾ ಗಟ್ಟಿ ಇದ್ದೆ, ಸುಚೇತಾ. ನಾ ಓದಿದ್ದು ನನಗ ಕಣ್ಣಿಗೆ ಕಟ್ಟಿಧಂಗಿತ್ತು. ನೀ ಎಲ್ಲಾ ಬರದಿರ್ತೀನಿ ಅಂದಿ. ನೀ ಸುಳ್ಳು ಹೇಳಾಕಿ ಅಲ್ಲ. ಅಂದ್ರ ನನ್ನ ತಲಿಯೊಳಗ ಇಲ್ಲದ್ದು ಬರ್ಲಿಕ್ಕತ್ತದ ಅಂತಾತು. ಆವತ್ತೇ ಜಯಂತಗ ಹೂಂ ಅಂದೆ."

ಅವರು ಒಬ್ಬರೇ ಇರಲಿಲ್ಲ. ಜಯಂತ ಟೇಪು ಎಳೆಯುವ ಸದ್ದು ಕೇಳುತ್ತಿತ್ತು, ನನ್ನ ಮಗಳು ಪಕ್ಕದಲ್ಲೇ ನಿಂತಿದ್ದಳು. ಆದರೆ ಇನ್ನು ಒಂದು ನಿಮಿಷ ತಡೆದರೆ ಮತ್ತೆಂದೂ ಹೇಳಲಾರೆ ಎಂದು ಗೊತ್ತಾಯಿತು.

"ಆಂಟಿ, ನಾನು ಸುಳ್ಳು ಹೇಳಿದೆ," ಅಂದೆ. ಫೋನ್ ತೆಗೆದು ಹಾಳೆ ತೋರಿಸಿದೆ. "ನೀವು ಓದಿದ್ದು ಸರಿ. ಅಷ್ಟೇ ಬರೆದಿದ್ದೆ ನಾನು. ಮಗುವಿಗೆ ಹುಷಾರಿರಲಿಲ್ಲ, ಅರ್ಧಕ್ಕೆ ಬಿಟ್ಟು ಕಳಿಸಿಬಿಟ್ಟೆ. ನೀವು ಫೋನ್ ಮಾಡಿದಾಗ ನನಗೆ ಎಲ್ಲ ಗೊತ್ತಿತ್ತು."

ಆಂಟಿ ಕನ್ನಡಕ ಸರಿಮಾಡಿಕೊಂಡು ಫೋನನ್ನು ಎರಡೂ ಕೈಯಲ್ಲಿ ಹಿಡಿದರು. ಗಟ್ಟಿಯಾಗಿ ಓದಿದರು, ತರಗತಿಯಲ್ಲಿ ಓದುವ ಹಾಗೆ, ಒಂದೊಂದೇ ಶಬ್ದ. "ಅಡವಿಯಲ್ಲಿ. ನಡಿಗೆ. ಒಂದೂವರೆ. ಗಂಟೆ." ಎರಡನೆಯ ಸಾಲನ್ನೂ ಓದಿದರು. ಬೆರಳಿನಿಂದ ಕೆಳಗೆ ಸರಿಸಿದರು. ಕೆಳಗೆ ಏನೂ ಇರಲಿಲ್ಲ.

"ಜಯಂತಾ," ಎಂದು ಕೂಗಿದರು. "ಇಲ್ಲೆ ಬಾ."

ಅವನು ಬಂದ. ಫೋನ್ ಕೊಟ್ಟರು. ಅವನಿಗೆ ಕನ್ನಡ ನಿಧಾನ. ತುಟಿ ಅಲುಗಿಸುತ್ತ ಓದಿದ.

"ಅಡವಿ ಅಂದ್ರ ಏನೋ?"

"ಕಾಡು," ಅಂದ. ಅವನ ಮುಖ ಬಣ್ಣಗೆಟ್ಟಿತು. "ಅವ್ವಾ, ನೀ ಹೇಳಬೇಕಿತ್ತಲ್ಲ?"

"ಹೇಳಿದೆ. ಎಲ್ಲಾರಿಗೂ ಹೇಳಿದೆ. ನಕ್ರಿ."

ಅವನು ನನ್ನ ಕಡೆ ನೋಡಿದ. ಕೆಳಗಿನ ಬಾಡಿಗೆ ಆಫೀಸಿಗೆ ಹೋಗಿ, ನೋಟಿಸ್ ವಾಪಸ್ ತೆಗೆದುಕೊಳ್ಳಲು ಆಗುತ್ತದೆಯೇ ಎಂದು ಕೇಳಿ ಬರುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟ.

ನಾನು ಆಂಟಿಯ ಕಾಲ ಹತ್ತಿರ ಕೂತೆ. ಕ್ಷಮಿಸಿ ಅಂದೆ. ಅಳು ಬಂತು. ದಿಯಾ ನನ್ನನ್ನೇ ನೋಡುತ್ತಿದ್ದಳು.

"ಅಡವಿ ಅಂತ ಬರದಿದ್ದು ತಪ್ಪಲ್ಲ," ಎಂದರು ಆಂಟಿ. "ನಾ ಬರದಿದ್ರೂ ಅದನ್ನ ಬರೀತಿದ್ದೆ. ಎಪ್ಪತ್ತು ವರ್ಷ ನನ್ನ ಕಣ್ಣಾಗ ಯೋಹಾನ ಮರದ ಕೆಳಗೇ ನಿಂತಿದ್ದ. ಕೂಸಿಗೆ ಆರಾಮಿಲ್ಲದಾಗ ಅರ್ಧಕ್ಕ ಬಿಟ್ಟಿ, ಅದೂ ತಪ್ಪಲ್ಲ. ಹೊಳಿ ನೋಡಲಿಲ್ಲ, ಹೋಗ್ಲಿ. ಆದರ ಒಂದು ತಿಂಗಳು, ಸುಚೇತಾ. ದಿನಾ ಎದ್ದು ಇವತ್ತು ಯಾವ ವಾರ ಅಂತ ನನ್ನನ್ನ ನಾನ ಕೇಳಿಕೊಂಡೀನಿ. ಗ್ಯಾಸ್ ಆರಿಸಿದೆನೋ ಇಲ್ಲೋ ಅಂತ ಅರ್ಧ ದಾರಿಯಿಂದ ಹೊಳ್ಳಿ ಬಂದೀನಿ. ಅದನ್ನ ಹ್ಯಾಂಗ ಮಾಡಿದಿ ನೀ?"

ನಾನು ಎದ್ದು ತಟ್ಟೆಗೆ ಊಟ ಹಾಕಿದೆ. ಅವರು ತಿಂದರು, ಋತ್ವಿಕ್‌ಗೂ ತಿನ್ನಿಸಿದರು. ನನ್ನ ಜೊತೆ ಮಾತಾಡಲಿಲ್ಲ.

ಜಯಂತ ವಾಪಸ್ ಬಂದ. ಆ ಮನೆ ಆಗಲೇ ಇಬ್ಬರು ವಿದ್ಯಾರ್ಥಿಗಳಿಗೆ ಹೋಗಿತ್ತು. ಬೇರೆ ಯಾವುದೂ ಖಾಲಿ ಇರಲಿಲ್ಲ. ನೋಟಿಸ್ ಕೊಟ್ಟ ಮೊದಲ ವಾರ ಬಂದು ಕೇಳಿದ್ದರೆ ಆಗುತ್ತಿತ್ತಂತೆ. ಆ ವಾರ ನಾನು ಹ್ಯೂಸ್ಟನ್ನಿನ ಹಾಲಿನಲ್ಲಿ ಮಗುವಿನ ಮೂಗು ಒರೆಸುತ್ತಿದ್ದೆ.

ಸಂಜೆ ಡಬ್ಬಗಳ ಜೊತೆ ಆಂಟಿಯೂ ಫುಲ್‌ಶೀರ್‌ಗೆ ಹೋದರು. ಕಾರು ಹತ್ತುವ ಮುಂಚೆ ಮಗನಿಗೆ, "ನಾ ಬರ್ಲಿಕ್ಕತ್ತಿದ್ದು ಬೀಗರ ಮನಿಗೆ ಬಂಧಂಗ. ರೈಲಿನ ಹತ್ರ ಇನ್ನೊಂದು ಮನಿ ಸಿಗೂತನಕ," ಎಂದರು. ಡಾಕ್ಟರ್ ಹತ್ತಿರ ಹೋಗುವುದನ್ನು ಮಾತ್ರ ಬಿಡಲಿಲ್ಲ. ಹೋಗಿ, ಎಲ್ಲ ಉತ್ತರ ಸರಿ ಹೇಳಿ ಬಂದರು.

ಮುಂದಿನ ಆರಾಧನೆಯಲ್ಲಿ, ಆಸ್ಟಿನ್ನಿನಲ್ಲಿ, ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತು ಹೇಳಿದೆ. ಎರಡು ಸಾಲು ಓದಿದೆ, ಫೋನಿನಲ್ಲಿ ಹೇಳಿದ ಸುಳ್ಳನ್ನೂ ಹೇಳಿದೆ. ಭಾಸ್ಕರ ಅಂಕಲ್ ಎದ್ದು ಹೊರಗೆ ಹೋಗಿ ಆಂಟಿಗೆ ಫೋನ್ ಮಾಡಿದರು. ಈಗ ನನಗೆ ಯಾರೂ ಬರೆಯುವ ಕೆಲಸ ಕೊಡುವುದಿಲ್ಲ. ಅದು ಸರಿಯೇ.

ಪ್ರತಿ ಬುಧವಾರ ದಿಯಾಳನ್ನು ಬೇಸಿಗೆ ಕ್ಯಾಂಪಿಗೆ ಬಿಟ್ಟು, ಋತ್ವಿಕ್‌ನನ್ನು ಕರೆದುಕೊಂಡು ರಿಚರ್ಡ್‌ಸನ್ನಿಗೆ ಹೋಗುತ್ತೇನೆ. ಸ್ಟೇಷನ್ನಿನ ಸುತ್ತಮುತ್ತ ಮನೆ ನೋಡುತ್ತೇನೆ. ಇದುವರೆಗೆ ಆರು ನೋಡಿದ್ದೇನೆ. ಪ್ರತಿಯೊಂದರಿಂದಲೂ ಆಂಟಿಗೆ ವಿಡಿಯೊ ಕಾಲ್ ಮಾಡುತ್ತೇನೆ, ಅವರು ಎತ್ತುತ್ತಾರೆ. ಋತ್ವಿಕ್ ಊಟ ಮಾಡಿದನೇ ಎಂದು ಮೊದಲು ಕೇಳುತ್ತಾರೆ. ಆಮೇಲೆ ಮನೆಯ ವಿಚಾರ.

"ಎಷ್ಟನೇ ಮಹಡಿ?"

"ಕೆಳಗಡೆನೇ ಆಂಟಿ."

"ಖರೇನಾ?"

"ಖರೆ ಆಂಟಿ."

"ಸ್ಟೇಷನ್ನಿಗೆ ಎಷ್ಟು ಹೊತ್ತು?"

"ಹನ್ನೆರಡು ನಿಮಿಷ. ಮಗು ಜೊತೆ ನಡೆದು ನೋಡಿದೆ."

"ಖರೇನಾ?"

ಮೊದಲು ಅವರು ನನ್ನನ್ನು ಹಾಗೆ, ನಿಜವೇ ಎಂದು, ಕೇಳುತ್ತಿರಲಿಲ್ಲ. ಸಿಟ್ಟಿನಿಂದ ಕೇಳುವುದೂ ಅಲ್ಲ, ತಮಗೇ ತಿಳಿಯದೆ ಬಾಯಿಗೆ ಬರುತ್ತದೆ. ಪ್ರತಿ ಸಲವೂ ಖರೆ ಎನ್ನುತ್ತೇನೆ. ಅಂದು, ಫೋನ್ ತಿರುಗಿಸಿ, ಬಾಗಿಲು, ಕಿಟಕಿ, ಒಲೆ, ಹೊರಗಿನ ರಸ್ತೆ, ಎಲ್ಲವನ್ನೂ ಅವರಿಗೆ ಒಂದೊಂದಾಗಿ ತೋರಿಸುತ್ತೇನೆ.